ಅಕ್ಕಪಕ್ಕದ ಇಬ್ಬರ ಸಹಿ

ಎಚ್‌ಐವಿ ಇದ್ದವರಿಗೆ ಗುಳಿಗೆ ಪುಕ್ಕಟೆ ಸಿಗುತ್ತದೆ. ಈ ಮಾತು ಕೇಳಿದ ಕೂಡಲೇ ಎದುರಿಗಿದ್ದವರ ಮುಖದಲ್ಲಿ ಒಂದು ನಿರಾಳ ಮೂಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಗುಳಿಗೆ ಕೊಟ್ಟರಲ್ಲ, ಮುಗಿಯಿತು, ಇನ್ನೇನು ಬೇಕು ಇವರಿಗೆ ಎಂಬ ನಿರಾಳ. ಅಂಥವರನ್ನು ಕರೆದು, ಒಂದು ತಿಂಗಳು ಆ ಗುಳಿಗೆಯನ್ನು ಹಸಿದ ಹೊಟ್ಟೆಯಲ್ಲಿ ನುಂಗಿ, ಬರುವ ಸಂಕಟವನ್ನು ತಡೆದುಕೊಂಡು, ವಿಜಯಪುರದ ಬಿಸಿಲಲ್ಲಿ ಕೂಲಿಗೆ ಹೋಗಿ ಬನ್ನಿ ಎನ್ನಬೇಕು ಅನ್ನಿಸುತ್ತದೆ. ರೋಗವನ್ನು ದವಾಖಾನೆಯವರು ನೋಡಿಕೊಳ್ಳುತ್ತಾರೆ, ಹೊಟ್ಟೆಯನ್ನು ಮಾತ್ರ ನಮ್ಮ ಪಾಲಿಗೇ ಬಿಟ್ಟಿದ್ದಾರೆ.

ನಾನು ಗಂಡ ತೀರಿಕೊಂಡ ವರ್ಷದಿಂದ ಈ ಗುಳಿಗೆ ನುಂಗುತ್ತ ಬಂದವಳು. ಅಥಣಿ ರಸ್ತೆಯಲ್ಲಿ ಹೊಸ ಲೇಔಟುಗಳು ಎದ್ದಿವೆಯಲ್ಲ, ಅಲ್ಲೊಂದು ಬಾಡಿಗೆ ಕೋಣೆ ನನ್ನದು. ಮುಂದೆ ಹೊಲಿಗೆ ಮಿಷನ್ನು, ಹಿಂದೆ ಒಲೆ. ಸೀರೆಗೆ ಜಂಪರ್ ಹೊಲಿಯುತ್ತೇನೆ, ಫಾಲ್ ಹಚ್ಚುತ್ತೇನೆ. ಈ ಲೇಔಟಿನಲ್ಲಿ ಯಾರಿಗೂ ಯಾರ ಪರಿಚಯವೂ ಇಲ್ಲ, ಅದೇ ಇಲ್ಲಿನ ಸುಖ. ಇದೇ ರಸ್ತೆ ಹಿಡಿದು ಮುಂದೆ ಹೋದರೆ ನನ್ನ ತವರು ಟಿಕೋಟಾ. ಅಲ್ಲಿ ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿ, ಇದ್ದಾರೆ. ಅವರಿಗೆ ನನ್ನ ವಿಷಯ ಗೊತ್ತು. ವೈನಿ ಬಾಯಿಬಿಟ್ಟು ಒಂದು ಮಾತೂ ಅಂದವಳಲ್ಲ, ಆದರೆ ನಾನು ಹೋದಾಗ ಚಹಾ ಕೊಡುವ ಕಪ್ಪೇ ಬೇರೆ, ಅದು ಉಳಿದ ಕಪ್ಪುಗಳ ಜೊತೆ ಇರುವುದಿಲ್ಲ. ಅದಕ್ಕಾಗಿ ಜಗಳ ಆಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಕಂಡಾಗಲೆಲ್ಲ ಮೈ ಉರಿಯುವುದು ಮಾತ್ರ ಬಿಟ್ಟಿಲ್ಲ.

ನಗರದ ದವಾಖಾನೆಯಲ್ಲಿ ಗುಳಿಗೆ ಕೊಡುವ ಸಾಲು ಇದೆಯಲ್ಲ, ಅಲ್ಲಿ ನಮ್ಮದೇ ಒಂದು ಪದ್ಧತಿ. ಹೆಸರು ಯಾರೂ ಕೇಳುವುದಿಲ್ಲ. ಊರು ಕೇಳುತ್ತೇವೆ, ಅದಕ್ಕೂ ಖರೇ ಉತ್ತರ ಯಾರೂ ಕೊಡುವುದಿಲ್ಲ. ಟಿಕೋಟಾದವರು ಬಬಲೇಶ್ವರ ಅನ್ನುತ್ತಾರೆ, ಬಬಲೇಶ್ವರದವರು ಟಿಕೋಟಾ ಅನ್ನುತ್ತಾರೆ. ಇಟ್ಟಂಗಿಹಾಳದ ಒಬ್ಬ ಹಿರಿಯ ತನ್ನದು ಭೂತನಾಳ ಅಂತ ಹೇಳಿಕೊಂಡಿದ್ದ. ಒಮ್ಮೆ ಮಳೆ ಚೆನ್ನಾಗಿ ಆದ ವರ್ಷ ಪಕ್ಕದವನೊಬ್ಬ, ನಿಮ್ಮ ಕೆರೆಗೆ ನೀರು ಎಷ್ಟು ಬಂದಿದೆ ಅಂತ ಕೇಳಿದ. ಹಿರಿಯ ಗಾಬರಿಯಾಗಿ, ಮೊಣಕಾಲಮಟ ಬಂದೈತಿ ಅಂದುಬಿಟ್ಟ. ಒಂದು ಕಾಲಕ್ಕೆ ಇಡೀ ನಗರಕ್ಕೆ ನೀರು ಕುಡಿಸಿದ ಕೆರೆ ಅದು. ಇಡೀ ಸಾಲು ಬಾಯಿಗೆ ಸೆರಗು, ಟವೆಲು ಒತ್ತಿಕೊಂಡು ನಕ್ಕಿತು. ದವಾಖಾನೆಯ ದಾಖಲೆಯಲ್ಲೂ ಇದೇ ಊರುಗಳು. ಸುಳ್ಳು ಹೇಳಬೇಕೆಂಬ ಹಟ ಯಾರಿಗೂ ಇರಲಿಲ್ಲ. ಮನೆ ಹುಡುಕಿಕೊಂಡು ಯಾರಾದರೂ ಬಂದುಬಿಟ್ಟರೆ ಎಂಬ ಹೆದರಿಕೆ, ಅಷ್ಟೆ.

ನನ್ನ ಗೆಳತಿ ಸಿಕ್ಕಿದ್ದು ಈ ಸಾಲಿನಲ್ಲಿಯೇ. ನನಗಿಂತ ಚಿಕ್ಕವಳು, ತೆಳ್ಳಗೆ, ಮಾತು ಕಡಿಮೆ. ಟಿಕೋಟಾದವಳು ಅಂದಳು. ಟಿಕೋಟಾದಲ್ಲಿ ಹುಟ್ಟಿ ಬೆಳೆದವಳ ಮುಂದೆ ಟಿಕೋಟಾ ಅಂದರೆ ಬಿಡುತ್ತೇನೆಯೇ, ಯಾವ ಓಣಿ ಅಂತ ಕೇಳಿದೆ. ಪಾಪ, ನೆಲ ನೋಡುತ್ತ ನಿಂತಳು. ಹೊರಗೆ ಚಹಾದ ಗಾಡಿ ಹತ್ತಿರ ಬಂದ ಮೇಲೆ ತನ್ನದು ಬಬಲೇಶ್ವರ ಅಂತ ಒಪ್ಪಿಕೊಂಡಳು. ಮೊದಲ ದಿನ ಗಾಬರಿಯಲ್ಲಿ ಬರೀ ಊರು ಬರೆಸಿದ್ದಳು, ಈಗ ಓಣಿ ಮತ್ತು ಮನೆ ಕೇಳುತ್ತಿದ್ದರು. ನಾನು ಅಣ್ಣನ ಮನೆಯ ವಿಳಾಸ ಕೊಟ್ಟೆ. ಅಂದಿನಿಂದ ಆಕೆ ಕಾಗದದ ಮೇಲೆ ನನ್ನ ತವರಿನವಳು.

ಆಕೆಯ ಮನೆಯಲ್ಲಿ ಇದ್ದವರು ಇಬ್ಬರೇ, ಆಕೆ ಮತ್ತು ಅತ್ತೆ. ಗಂಡ ಸತ್ತದ್ದು ಇದೇ ರೋಗದಿಂದ, ಆದರೆ ಅತ್ತೆಗೆ ಮತ್ತು ಊರಿಗೆ ಅದು ಕಾಮಾಲೆ. ಸಾಯುವ ಮುಂಚೆ ಅವನೇ ಹೆಂಡತಿಯಿಂದ ಆಣೆ ಮಾಡಿಸಿಕೊಂಡಿದ್ದ, ಅವ್ವನಿಗೆ ಹೇಳಬೇಡ ಅಂತ. ಗಂಡ ಹೋದ ಮೇಲೆ ಸೊಸೆಯನ್ನು ತವರಿಗೆ ಅಟ್ಟುವ ಅತ್ತೆಯರನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ನನ್ನವಳೇ ಅಂಥವಳು. ಈ ಮುದುಕಿ ಹಾಗಲ್ಲ. ಮಗ ಹೋದ ಮೇಲೆ ಸೊಸೆಯನ್ನೇ ಮಗಳು ಮಾಡಿಕೊಂಡಳು. ದಿನವೂ ಒಂದೇ ಗಂಗಾಳದಲ್ಲಿ ಇಬ್ಬರೂ ಉಣ್ಣುತ್ತಾರೆ ಅಂತ ಗೆಳತಿ ಹೇಳಿದಾಗ ನಾನು ಮಾತು ಬದಲಿಸಿದೆ. ಹೊಟ್ಟೆಕಿಚ್ಚು ಅನ್ನಿ ಬೇಕಾದರೆ.

ಗೆಳತಿ ಕೂಲಿಗೆ ಹೋಗುತ್ತಿದ್ದದ್ದು ಮಣೂಕದ ಶೆಡ್ಡಿಗೆ. ನಮ್ಮ ಕಡೆ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡುಗಳು ಬಹಳ. ಹೆಂಗಸರು ಸಾಲಾಗಿ ಕೂತು ಕಡ್ಡಿ ತೆಗೆಯುತ್ತಾರೆ, ಬಣ್ಣ ನೋಡಿ ಬೇರೆ ಮಾಡುತ್ತಾರೆ. ಕಾಳು ಹೊನ್ನಿನ ಬಣ್ಣ ಬರಲಿ ಅಂತ ಗಂಧಕದ ಹೊಗೆ ಕೊಡುತ್ತಾರೆ. ಪೇಟೆಯಲ್ಲಿ ನೀವು ಆರಿಸಿಕೊಂಡು ತಗೊಳ್ಳುವ ಆ ಚೆಂದದ ಮಣೂಕದ ಹೊಗೆ ಈಕೆಯ ಎದೆಯಲ್ಲಿ ಕೂರುತ್ತಿತ್ತು. ಕೆಮ್ಮು ಹತ್ತಿದರೆ ಬಿಡುತ್ತಿರಲಿಲ್ಲ. ಡಾಕ್ಟರು ಆ ಕೆಲಸ ಬಿಡು ಅಂದರು. ಬಿಟ್ಟು ಏನು ಮಾಡಲಿ ಅಂತ ಕೇಳಿದ್ದಕ್ಕೆ ಅವರು ಮುಂದಿನವರನ್ನು ಕರೆದರು. ಅವರನ್ನು ಬೈಯುವಂತಿಲ್ಲ, ಅದರ ಔಷಧ ಅವರ ಹತ್ತಿರ ಇರಲಿಲ್ಲ.

ಅದರ ಔಷಧ ತಂದದ್ದು ಒಂದು ಸಂಸ್ಥೆ. ಅದರ ಹೆಸರು ನನಗೆ ಬೇಡ. ನಮ್ಮಂಥವರಲ್ಲಿ ಕೆಲವರನ್ನು ಆರಿಸಿ, ತಿಂಗಳು ತಿಂಗಳು ಬ್ಯಾಂಕಿನ ಖಾತೆಗೆ ಇಂತಿಷ್ಟು ದುಡ್ಡು ಖಾತ್ರಿಯಾಗಿ ಹಾಕುತ್ತೇವೆ ಅಂದರು. ಸಾಲವಲ್ಲ, ತಿರುಗಿ ಕೊಡಬೇಕಿಲ್ಲ, ಏನಕ್ಕೆ ಖರ್ಚು ಮಾಡಿದಿರಿ ಅಂತ ಕೇಳುವುದೂ ಇಲ್ಲ. ನಾನು ನಂಬಲಿಲ್ಲ. ಇಷ್ಟು ವರ್ಷದಲ್ಲಿ ನಮಗೆ ಬಂದದ್ದೆಂದರೆ ತರಬೇತಿಗಳು. ಮೇಣದಬತ್ತಿ ಮಾಡುವುದು, ಉಪ್ಪಿನಕಾಯಿ ಹಾಕುವುದು, ಕೊನೆಗೆ ಒಂದು ಫೋಟೋ. ನಮ್ಮ ಕೈಯ ಉಪ್ಪಿನಕಾಯಿಯನ್ನು ಕೊಳ್ಳುವವರು ಯಾರು ಅಂತ ಆ ತರಬೇತಿಯವರು ಒಮ್ಮೆಯೂ ಯೋಚಿಸಿರಲಿಲ್ಲ. ಈ ಸಲ ಮಾತ್ರ ದುಡ್ಡು ಖರೇನೇ ಬಂತು. ನನಗೂ ಬಂತು, ಗೆಳತಿಗೂ ಬಂತು. ನಾವು ಅದನ್ನು 'ತಿಂಗಳದ್ದು' ಅಂತ ಕರೆಯತೊಡಗಿದೆವು. ದೊಡ್ಡ ದುಡ್ಡೇನಲ್ಲ, ಆದರೆ ಬರುತ್ತದೆ ಅಂತ ಗೊತ್ತಿರುವುದೇ ಒಂದು ಊಟ ಇದ್ದ ಹಾಗೆ.

ಆದರೆ ಹಳ್ಳಿಯಲ್ಲಿ ಬಡವರ ಮನೆಗೆ ದುಡ್ಡು ಬರುವುದೂ ಸುಲಭವಲ್ಲ. ಗೆಳತಿ ಶೆಡ್ಡು ಬಿಟ್ಟಳು. ಸಂತೆಯಿಂದ ತತ್ತಿ, ಬೇಳೆ ಬರತೊಡಗಿದವು. ಎಲ್ಲಿಂದ ಅಂತ ಅತ್ತೆ ಕೇಳೇ ಕೇಳುತ್ತಾಳೆ. ಅದಕ್ಕೆ ನಾವಿಬ್ಬರೂ ಕೂಡಿ ಒಂದು ಕತೆ ಕಟ್ಟಿದೆವು. ವಿಜಯಪುರದ ಅಥಣಿ ರಸ್ತೆಯಲ್ಲಿ ಒಬ್ಬ ಟೇಲರ್ ಬಾಯಿ ಇದ್ದಾಳೆ, ಅವಳ ಕೈಯಲ್ಲಿ ಬಹಳ ಕೆಲಸ, ಜಂಪರಿಗೆ ಹುಕ್ಕು ಹಚ್ಚಲು, ಸೀರೆಗೆ ಫಾಲ್ ಹಚ್ಚಲು ಸೊಸೆಯನ್ನು ಇಟ್ಟುಕೊಂಡಿದ್ದಾಳೆ, ತಿಂಗಳಿಗೆ ಇಷ್ಟು ಪಗಾರ. ಕತೆ ಕಟ್ಟಿದ ಮೇಲೆ ನಡೆಸಬೇಕಲ್ಲ. ಗುಳಿಗೆಗೆ ಬಂದಾಗಲೆಲ್ಲ ನನ್ನ ಕೋಣೆಗೆ ಬಂದು ಒಂದು ಗಂಟು ಬಟ್ಟೆ ಒಯ್ಯುತ್ತಿದ್ದಳು, ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ನಡುವೆಯೂ ಬಂದು ಹೋಗುತ್ತಿದ್ದಳು. ಮೊದಮೊದಲು ಆಕೆ ಹಚ್ಚಿದ ಹುಕ್ಕು ನೋಡಿದರೆ ನನಗೆ ಅಳು ಬರುತ್ತಿತ್ತು. ಒಂದು ಹುಕ್ಕು ಅಥಣಿಗೆ ಹೊರಟರೆ ಇನ್ನೊಂದು ಬಾಗಲಕೋಟೆಗೆ. ಅವನ್ನೆಲ್ಲ ಬಿಚ್ಚಿ ನಾನೇ ಮತ್ತೆ ಹಚ್ಚಬೇಕು. ಬೈದರೆ ನಗುತ್ತಿದ್ದಳು, ಪಗಾರ ನೀವು ಕೊಡಂಗಿಲ್ಲಲ್ಲ, ಬೈಯೂದು ಮಾತ್ರ ನಿಮದು ಅನ್ನುತ್ತಿದ್ದಳು.

ಆ ವರ್ಷ ಆಕೆ ನಕ್ಕಷ್ಟು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಕೆಮ್ಮು ಹೋಯಿತು. ಕೆನ್ನೆ ತುಂಬಿತು. ಅತ್ತೆ ನನ್ನ ಮುಖ ಕಂಡವಳಲ್ಲ, ಆದರೂ ಟೇಲರ್ ಬಾಯಿಗೆ ಅಂತ ಗುರೆಳ್ಳು ಚಟ್ನಿ ಕಟ್ಟಿ ಕಳಿಸುತ್ತಿದ್ದಳು. ಸೊಸೆ ವಿಜಯಪುರದ ಟೇಲರಿನ ಹತ್ತಿರ ಕೆಲಸಕ್ಕಿದ್ದಾಳೆ ಅಂತ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಾಳಂತೆ. ಸುಳ್ಳೇ ಇರಲಿ, ಆ ಸುಳ್ಳಿನಲ್ಲಿ ನನಗೂ ಒಂದು ಮನೆ ಸಿಕ್ಕ ಹಾಗಿತ್ತು.

ವರ್ಷ ತಿರುಗಿತು. ಸಂಸ್ಥೆಯವರು ಕರೆದು, ಇನ್ನು ಮುಂದೆ ಮನೆಗೆ ಬಂದು ಪರಿಶೀಲನೆ ಮಾಡಬೇಕು ಅಂದರು. ದುಡ್ಡು ಕೊಡುವ ಮೇಲಿನವರು ಕೇಳುತ್ತಾರಂತೆ, ಈ ಜನ ಖರೇ ಇದ್ದಾರೋ ಇಲ್ಲವೋ, ಹೇಳಿದ ಊರಲ್ಲಿ ಇದ್ದಾರೋ ಇಲ್ಲವೋ ಅಂತ. ಮನೆಯ ಬಾಗಿಲಲ್ಲಿ ನಿಲ್ಲಿಸಿ ಒಂದು ಫೋಟೋ, ಅದನ್ನು ಫೋನಿನ ಆ್ಯಪಿಗೆ ಹಾಕುವುದು. ಆಮೇಲೆ, ಇವರು ಇದೇ ಮನೆಯಲ್ಲಿ ಇರುವುದು ನಿಜ ಎಂದು ಅಕ್ಕಪಕ್ಕದ ಇಬ್ಬರ ಸಹಿ.

ನಾನು ಕೇಳಿದೆ, ಅಕ್ಕಪಕ್ಕದವರು ಯಾತಕ್ಕೆ ಸಹಿ ಅಂತ ಕೇಳಿದರೆ ಏನು ಹೇಳುತ್ತೀರಿ. ಕಚೇರಿ ನೋಡಿಕೊಳ್ಳುವ ಬಾಯಾರು ಸಮಾಧಾನದ ಹೆಂಗಸು, ರೋಗದ ಹೆಸರು ಎತ್ತುವುದೇ ಇಲ್ಲ, ಒಂದು ಸಂಸ್ಥೆಯ ಸಹಾಯಧನ ಅಂತ ಹೇಳುತ್ತೇವೆ ಅಂದರು. ಅವರಿಗೆ ಹಳ್ಳಿ ಗೊತ್ತಿಲ್ಲ ಅಂತ ಆಗಲೇ ನನಗೆ ಗೊತ್ತಾಯಿತು. ಬಬಲೇಶ್ವರದ ಓಣಿಯಲ್ಲಿ ಯಾರಿಗೆ ಯಾವ ದುಡ್ಡು ಬರುತ್ತದೆ ಅನ್ನುವುದು ಎಲ್ಲರಿಗೂ ಬಾಯಿಪಾಠ. ವಿಧವೆಯರದ್ದು ಇದು, ಮುದುಕರದ್ದು ಇದು, ಮನೆಯ ಯಜಮಾನತಿಯದ್ದು ಇದು. ಇವು ಯಾವುದೂ ಅಲ್ಲದ ಒಂದು ದುಡ್ಡು, ಅದೂ ನಗರದಿಂದ ಮನುಷ್ಯ ಬಂದು ಫೋಟೋ ಹೊಡೆದುಕೊಂಡು ಹೋಗುವಂಥ ದುಡ್ಡು, ಒಬ್ಬಳಿಗೇ ಯಾಕೆ ಬಂತು ಅನ್ನುವುದನ್ನು ಆ ಓಣಿ ಒಂದು ಮಧ್ಯಾಹ್ನದಲ್ಲಿ ಬಿಡಿಸಿ ಒಣಗಲು ಹಾಕುತ್ತದೆ. ಅದನ್ನೆಲ್ಲ ಹೇಳಿದೆ. ಒಬ್ಬರ ಈ ರೋಗದ ವಿಷಯ ಇನ್ನೊಬ್ಬರ ಕಿವಿಗೆ ಹೋಗಬಾರದು ಅಂತ ಕಾನೂನೇ ಇದೆ ಅಂತಲೂ ಹೇಳಿದೆ. ಬಾಯಾರು ಎಲ್ಲ ಬರೆದುಕೊಂಡರು. ಬರೆದುಕೊಳ್ಳುವವರನ್ನು ಕಂಡರೆ ನನಗೆ ಭಯ. ಬೈಯುವವರು ಒಮ್ಮೊಮ್ಮೆ ಮನಸ್ಸು ಬದಲಿಸುತ್ತಾರೆ, ಬರೆದುಕೊಳ್ಳುವವರು ಎಂದೂ ಬದಲಿಸುವುದಿಲ್ಲ.

ನನ್ನ ಪರಿಶೀಲನೆ ಚಹಾ ಕುಡಿದಷ್ಟು ಹಗುರಾಗಿ ಮುಗಿಯಿತು. ಈ ಲೇಔಟಿನಲ್ಲಿ ಎಡಕ್ಕಿರುವವರು ಯಾರು, ಬಲಕ್ಕಿರುವವರು ಯಾರು ಅಂತ ನನಗೇ ಗೊತ್ತಿಲ್ಲ. ಒಬ್ಬರು ಗ್ಯಾಸಿನದ್ದು ಅಂತ ತಿಳಿದು ಸಹಿ ಮಾಡಿದರು, ಇನ್ನೊಬ್ಬರು ಏನು ಅಂತಲೂ ಕೇಳಲಿಲ್ಲ. ಯಾರಿಗೂ ಬೇಡವಾದವಳಿಗೆ ನಿಯಮಗಳು ಎಷ್ಟು ಅನುಕೂಲ ನೋಡಿ. ಪ್ರೀತಿಯ ಅತ್ತೆ, ಹೊಗಳುವ ಓಣಿ ಇದ್ದವಳಿಗೇ ಕಷ್ಟ.

ಗೆಳತಿಯ ಸರದಿಗೆ ನಾನೊಂದು ಉಪಾಯ ಮಾಡಿದೆ. ಸಂಸ್ಥೆಯವರು ಹೆಸರು ತಗೊಂಡದ್ದು ದವಾಖಾನೆಯ ದಾಖಲೆಯಿಂದ, ಅದರಲ್ಲಿ ಹೇಗೂ ಆಕೆಯದು ಟಿಕೋಟಾ. ಪರಿಶೀಲನೆಯವರು ಅಣ್ಣನ ಮನೆಗೇ ಬರಲಿ, ಆಕೆಯನ್ನು ಅಲ್ಲಿಯೇ ಬಾಗಿಲಲ್ಲಿ ನಿಲ್ಲಿಸೋಣ. ಇದಕ್ಕಾಗಿ ವೈನಿಯ ಮುಂದೆ ಬಾಯಿ ಬಿಡಬೇಕಾಯಿತು. ನನಗಾಗಿ ಆ ಮನೆಯಲ್ಲಿ ನಾನು ಏನೂ ಕೇಳಿದವಳಲ್ಲ, ಬೇರೆಯವಳಿಗಾಗಿ ಕೇಳಿದೆ. ವೈನಿ ಬಹಳ ಹೊತ್ತು ರೊಟ್ಟಿಯ ಹಿಟ್ಟು ನಾದಿದಳು. ಆಮೇಲೆ ಒಂದೇ ತಾಸು, ಒಳಗ ಬರೂದು ಬ್ಯಾಡ ಅಂದಳು. ಅಣ್ಣ ಪಕ್ಕದ ಇಬ್ಬರಿಗೆ ಹೇಳಿ ಇಟ್ಟ. ಅವರು ಅಣ್ಣನ ಮಾತಿಗೆ ಸಹಿ ಮಾಡುವವರು, ಕಾಗದ ಓದುವವರಲ್ಲ.

ಆ ದಿನ ಗೆಳತಿ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ನಾನೇ ಹೊಲಿದ ಜಂಪರು, ಆಕೆಯೇ ಹಚ್ಚಿಕೊಂಡ ಹುಕ್ಕು. ಪರಿಶೀಲನೆಯ ಮನುಷ್ಯ, ನಮ್ಮ ಗಲಾಟೆಗೆ ಹೆದರಿಯೋ ಏನೋ, ಸಂಸ್ಥೆಯ ಬೋರ್ಡಿನ ಜೀಪು ಬಿಟ್ಟು ತನ್ನ ಬೈಕಿನ ಮೇಲೆ ಬಂದ. ನಡುವಯಸ್ಸಿನವನು, ಒಳ್ಳೆಯವನೇ. ಫೋಟೋ ಹೊಡೆದ. ಪಕ್ಕದವರ ಸಹಿ ಸಿಕ್ಕವು. ಎಲ್ಲ ಆಯಿತು ಅನ್ನುವಷ್ಟರಲ್ಲಿ ಫೋನು ಹಿಡಿದು ನಿಂತುಬಿಟ್ಟ. ಮತ್ತೆ ಮತ್ತೆ ಒತ್ತಿದ. ದುಡ್ಡು ಬರುವ ಖಾತೆಗೆ ಜೋಡಿಸಿದ್ದು ಆಧಾರ್ ಕಾರ್ಡು, ಆಧಾರಿನಲ್ಲಿ ಬಬಲೇಶ್ವರ. ದವಾಖಾನೆಗೆ ಹೇಳಿದ ಊರು ಸುಳ್ಳು, ಆಧಾರಿಗೆ ಹೇಳಿದ ಊರು ಖರೇ. ಫೋಟೋ ಹೊಡೆದ ಜಾಗ ಆಧಾರಿನ ಊರಿಗೆ ಕೂಡಿಬರದಿದ್ದರೆ ಆ್ಯಪು ಮುಂದೆ ಹೋಗುವುದಿಲ್ಲ.

"ನಾ ಏನ್ ಮಾಡ್ಲಿರಿ ಅಕ್ಕಾರ, ಇದು ತಗೋವಲ್ದು," ಅಂದ. "ಬಬಲೇಶ್ವರಕ್ಕ ಹೋಗೂಣ ನಡೀರಿ, ನಾ ಸುಮ್ಮ ಬಂದ ಹೋಗತೇನಿ, ಯಾರಿಗೂ ಏನೂ ಅನ್ನಂಗಿಲ್ಲ."

ಇಬ್ಬರ ಸಹಿ ಅಂತ ನಾನು ನೆನಪು ಮಾಡಿಕೊಟ್ಟೆ. ಅದು ಬೇಕಾಗುತ್ತದೆ ಅಂತ ಮೆಲ್ಲಗೆ ಒಪ್ಪಿಕೊಂಡ. ನನ್ನ ಬಾಯಿಗೆ ಏನೇನು ಬಂತೋ ಎಲ್ಲ ಅಂದೆ. ನಾವು ಬದುಕಿದ್ದೇವೆ ಅಂತ ದವಾಖಾನೆಯವರಿಗೆ ಗೊತ್ತು, ಪ್ರತಿ ಸಲ ರಕ್ತ ತೆಗೆಯುತ್ತಾರಲ್ಲ, ಸತ್ತವರ ರಕ್ತ ತೆಗೆಯುತ್ತಾರೇನು, ಅವರನ್ನು ಕೇಳಲಿಕ್ಕೆ ನಿಮಗೇನು ಧಾಡಿ ಅಂದೆ. ಖರೇ ಐತ್ರಿ ಅಂದ ಅವನು. ಖರೇ ಇದ್ದದ್ದಕ್ಕೆ ಆ ಫೋನಿನಲ್ಲಿ ಜಾಗ ಇರಲಿಲ್ಲ. ಕೆಟ್ಟವರ ಜೊತೆ ಜಗಳ ಆಡಿದರೆ ಮನಸ್ಸಾದರೂ ಹಗುರಾಗುತ್ತದೆ, ಇಂಥ ಒಳ್ಳೆಯವರ ಜೊತೆ ಆಡಿದರೆ ಗಂಟಲು ಒಣಗುವುದೊಂದೇ ಲಾಭ.

ಗೆಳತಿ ಅಷ್ಟೂ ಹೊತ್ತು ಕಟ್ಟೆಯ ಅಂಚಿಗೆ ನಿಂತಿದ್ದಳು. ನಾನು ಆಕೆಯನ್ನು ಬದಿಗೆ ಕರೆದು, ಹೋಗೋಣ, ಏನೋ ಒಂದು ಹೇಳಿದರಾಯಿತು, ಹುಕ್ಕಿನ ಕೆಲಸ ನೋಡಲು ಬಂದವರು ಅಂದರಾಯಿತು ಅಂತ ಹುರಿದುಂಬಿಸಿದೆ. ಆಕೆ ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ ಅಕ್ಕಾರ. ರೊಕ್ಕಾ ಹೋದ್ರ ಹೋಗ್ಲಿ. ನಮ್ಮತ್ತಿ ನನ್ನ ಜೋಡಿ ಒಂದ ಗಂಗಾಳದಾಗ ಉಣತಾಳ. ಅದು ಹೋದ ಮ್ಯಾಲ ಯಾ ರೊಕ್ಕಾ ತಂದ ಏನ್ ಮಾಡ್ಲಿ?"

ಒಳಗೆ ವೈನಿ ಪಾತ್ರೆಗಳನ್ನು ಜೋರಾಗಿ ಎತ್ತಿಡುತ್ತಿದ್ದಳು, ತಾಸು ಮುಗಿಯಿತು ಅನ್ನುವ ಹಾಗೆ. ಊಟ ಒಂದೇ ಗಂಗಾಳದಲ್ಲಿ ಮಾಡಿದರೆ ರೋಗ ಬರುವುದಿಲ್ಲ ಅಂತ ನಮಗೆ ಗೊತ್ತು, ಡಾಕ್ಟರಿಗೆ ಗೊತ್ತು, ಗೋಡೆಯ ಮೇಲಿನ ಪೋಸ್ಟರಿಗೂ ಗೊತ್ತು. ಗೊತ್ತಿರಬೇಕಾದವರಿಗೆ ಮಾತ್ರ ಗೊತ್ತಿಲ್ಲ. ನಾನು ಆಕೆಗೆ ಒತ್ತಾಯ ಮಾಡಲಿಲ್ಲ.

ಆಮೇಲೆ ನಾನು ಕಚೇರಿಗೆ ಅಲೆದೆ. ಹೋದಾಗಲೆಲ್ಲ ಚಹಾ ಕೊಟ್ಟರು, ನಮ್ಮ ಕಪ್ಪುಗಳು ಅಲ್ಲಿ ಬೇರೆ ಇರಲಿಲ್ಲ ಅನ್ನುವುದನ್ನು ಒಪ್ಪಿಕೊಳ್ಳಬೇಕು. ದವಾಖಾನೆಯ ದಾಖಲೆಯನ್ನೇ ಸಾಕ್ಷಿ ಅಂತ ತಗೊಳ್ಳಿ ಅಂದೆ. ಅದರಲ್ಲಿ ಊರು ಬೇರೆ ಇದೆಯಲ್ಲ ಅಂದರು. ಊರು ಯಾಕೆ ಬೇರೆ ಇದೆ ಅಂತ ವಿವರಿಸಿದೆ. ಅರ್ಥವಾಯಿತು, ಮೇಲಿನವರಿಗೆ ಕಳಿಸುತ್ತೇವೆ ಅಂದರು. ಮೇಲಿನವರು ಯಾವ ಮಾಳಿಗೆಯಲ್ಲಿ ಇದ್ದಾರೆ, ನಾನೇ ಏಣಿ ಹಚ್ಚಿ ಹತ್ತುತ್ತೇನೆ ಅಂದೆ. ಬಾಯಾರು ನಕ್ಕರು. ನನಗೆ ನಗು ಬಂದಿರಲಿಲ್ಲ. ನನ್ನದಾದರೂ ಖಾತ್ರಿ ತಾನೇ, ನಡುವೆ ನಿಲ್ಲಿಸುವುದಿಲ್ಲ ತಾನೇ ಅಂತ ಕೇಳಿದೆ. ಈ ವರ್ಷದ ಮಟ್ಟಿಗೆ ಹೌದು, ಮುಂದಿನದು ಹೇಳಲಾಗುವುದಿಲ್ಲ ಅಂದರು.

ಗೆಳತಿಯ ತಿಂಗಳದ್ದು ನಿಂತಿತು. ನನ್ನದರಲ್ಲಿ ಅರ್ಧ ತಗೋ ಅಂದೆ. ನಿಮದ ನಿಮಗ ಸಾಲವಲ್ದು ಅಂತ ಒಂದೇ ಮಾತಿಗೆ ತಳ್ಳಿಹಾಕಿದಳು. ಸುಳ್ಳಲ್ಲ, ಬಾಡಿಗೆ ಕಟ್ಟಿದ ಮೇಲೆ ನನ್ನ ಕೈಯಲ್ಲಿ ಉಳಿಯುವುದು ಅಷ್ಟರಲ್ಲೇ ಇತ್ತು. ಜಂಪರುಗಳ ಗಂಟು ಒಯ್ಯುವುದನ್ನೂ ಬಿಟ್ಟಳು. ಪಗಾರವಿಲ್ಲದ ಕೆಲಸವನ್ನು ಅತ್ತೆಯ ಮುಂದೆ ಹೇಗೆ ನಡೆಸುವುದು. ಟೇಲರ್ ಬಾಯಿ ಕೆಲಸ ಬಿಡಿಸಿದಳು ಅಂತ ಅತ್ತಿಗೆ ಹೇಳೇನಿ, ನಿಮಗ ಸಿಟ್ಟು ಬಂದಿಲ್ಲಲ್ಲ ಅಂತ ಫೋನಿನಲ್ಲಿ ಕೇಳಿದಳು. ಬಂದಿಲ್ಲ ಅಂದೆ. ಮತ್ತೆ ಮಣೂಕದ ಶೆಡ್ಡು ಹಿಡಿದಳು. ಗುಳಿಗೆಯ ಸಾಲಿನಲ್ಲಿ ನೋಡಿದಾಗ ಕೆಮ್ಮು ತಿರುಗಿ ಬಂದಿತ್ತು. ಬೆಳಗಿನ ರೊಟ್ಟಿ ಬಿಟ್ಟು ಹೋಗುತ್ತಿದ್ದಳಂತೆ, ಶೆಡ್ಡಿಗೆ ತಡವಾದರೆ ಅರ್ಧ ಕೂಲಿ. ಗುಳಿಗೆ ಒಮ್ಮೊಮ್ಮೆ ತಪ್ಪುತ್ತದೆ ಅಂತ ಅಂಜುತ್ತ ಹೇಳಿದಳು. ಗುಳಿಗೆ ತಪ್ಪಿದರೆ ಏನಾಗುತ್ತದೆ ಅಂತ ನಮ್ಮ ಸಾಲಿನಲ್ಲಿ ಎಲ್ಲರಿಗೂ ಗೊತ್ತು, ತಪ್ಪಿಸಿದವರ ಜಾಗ ಸಾಲಿನಲ್ಲಿ ಬೇರೆಯವರಿಗೆ ಆಗಿದೆ.

ಒಂದು ದಿನ ಮಧ್ಯಾಹ್ನ ಮಿಷನ್ನಿನ ಮುಂದೆ ಕೂತಿದ್ದಾಗ ಬಾಗಿಲಲ್ಲಿ ಒಬ್ಬ ಮುದುಕಿ ಬಂದು ನಿಂತಳು. ಇಳಕಲ್ಲ ಸೀರೆ, ಕೈಯಲ್ಲಿ ಬಟ್ಟೆಯ ಚೀಲ, ಬಿಸಿಲಿಗೆ ಮುಖ ಕೆಂಪಾಗಿತ್ತು. ಟೇಲರ್ ಬಾಯಿ ನೀನೇ ಏನು ಅಂತ ಕೇಳಿದಳು. ಹೊಲಿಯಲು ಕೊಡಲು ಬಂದಿದ್ದಾಳೆ ಅಂದುಕೊಂಡು ಹೌದು ಅಂದೆ. ತಾನು ಬಬಲೇಶ್ವರದವಳು ಅಂದಳು, ತನ್ನ ಸೊಸೆ ನನ್ನ ಹತ್ತಿರ ಹುಕ್ಕು ಹಚ್ಚುತ್ತಿದ್ದಳು ಅಂದಳು. ನನ್ನ ಕಾಲು ಪೆಡಲಿನ ಮೇಲೆಯೇ ನಿಂತಿತು. ಬಸ್‌ಸ್ಟ್ಯಾಂಡಿನಿಂದ ಕೇಳಿಕೊಂಡು, ಕೇಳಿಕೊಂಡು ನಡೆದೇ ಬಂದಿದ್ದಳು. ಸೊಸೆಗೆ ಹೇಳಿರಲಿಲ್ಲ.

ನೀರು ಕೊಟ್ಟೆ. ಕುಡಿದಳು. ಕೂರು ಅಂದರೆ ಕೂರಲಿಲ್ಲ. ಜಗಳ ಆಡಲು ಬಂದವರು ನಿಂತೇ ಆಡಬೇಕು ಅನ್ನುವ ಹಾಗೆ ನಿಂತಳು.

"ಏನ್ ಬೇ ಯವ್ವಾ, ತಿಂಗಳಾ ತಿಂಗಳಾ ಕೊಡತೇನಿ ಅಂದ ಮ್ಯಾಲ ಕೊಡಬೇಕಲಾ? ನಡಬರಕ ಕೈ ಬಿಡಾಕ ಅದೇನ್ ಆಟ ಏನು? ಬಡವರು ಅದನ್ನ ನಂಬಿ ಇದ್ದ ಕೆಲಸಾ ಬಿಟ್ಟಿರತಾರ."

ಇಷ್ಟು ನೇರವಾಗಿ, ಇಷ್ಟು ಸರಿಯಾಗಿ ಆ ಕಚೇರಿಯಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಕಾನೂನು ಎತ್ತಿದ್ದೆ, ವ್ಯಂಗ್ಯ ಮಾಡಿದ್ದೆ, ಏಣಿಯ ಮಾತಾಡಿದ್ದೆ. ಈ ಮುದುಕಿಯನ್ನು ಕೈಹಿಡಿದು ಒಯ್ದು ಆ ಬಾಯಾರ ಎದುರಿನ ಕುರ್ಚಿಯಲ್ಲಿ ಕೂರಿಸಿ, ಈಗ ಬರೆದುಕೊಳ್ಳಿ ಅನ್ನಬೇಕು ಅಂತ ಅನ್ನಿಸಿತು. ನಮಗಾಗಿ ಬಾಯಿ ತೆರೆದು ಕೇಳುವ ಶಕ್ತಿ ಇದ್ದವಳು ಇವಳೊಬ್ಬಳೇ, ಯಾತಕ್ಕಾಗಿ ಕೇಳುತ್ತಿದ್ದಾಳೆ ಅಂತ ಗೊತ್ತಾಗಬಾರದವಳೂ ಇವಳೇ. ಸಿಟ್ಟು ಯಾರ ಮೇಲೆ ಬಂತೋ ತಿಳಿಯದು, ಕಣ್ಣಲ್ಲಿ ನೀರು ಬಂತು. ದಾರ ಪೋಣಿಸುವ ನೆವದಲ್ಲಿ ತಲೆ ಬಗ್ಗಿಸಿದೆ.

ಏನಾದರೂ ಹೇಳಬೇಕಲ್ಲ. ಹುಕ್ಕು ಸೊಟ್ಟ ಹಚ್ಚುತ್ತಿದ್ದಳು, ಗಿರಾಕಿಗಳು ಬೈಯುತ್ತಿದ್ದರು ಅಂದೆ. ಹಾಗಾದರೆ ಕಲಿಸಬೇಕಿತ್ತು ಅಂದಳು. ಈಗ ಕೆಲಸ ಕಡಿಮೆ ಅಂದೆ. ಮುದುಕಿ ಕೋಣೆಯ ಮೂಲೆಯಲ್ಲಿ ಒಟ್ಟಿದ್ದ ಬಟ್ಟೆಯ ರಾಶಿ ನೋಡಿದಳು, ನನ್ನನ್ನು ನೋಡಿದಳು. ಆ ಹೊತ್ತಿಗೆ ಬಬಲೇಶ್ವರದ ಲೆಕ್ಕದಲ್ಲಿ ನನ್ನಷ್ಟು ಕೆಟ್ಟವಳು ಇನ್ನೊಬ್ಬಳಿರಲಿಲ್ಲ. ಇರಲಿ ಬಿಡು, ಕೆಟ್ಟವಳು ಆಗಿಯೇ ಉಳಿಯುತ್ತೇನೆ, ಬೈದು ಹೋಗಲಿ ಅಂದುಕೊಂಡೆ.

ಆದರೆ ಆಕೆ ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತಳು. ಜಗಳದ ಧ್ವನಿ ಹೋಗಿ ಬೇರೆ ಧ್ವನಿ ಬಂತು.

"ಆಕಿ ಸೊರಗಾಕತ್ತಾಳ. ರಾತ್ರೆಲ್ಲಾ ಕೆಮ್ಮತಾಳ, ಉಣ್ಣಾಕ ಕುಂತ್ರ ನನ್ನ ಕಡೆ ತುತ್ತ ಸರಸತಾಳ. ನನ್ನ ಮಗಾ ಹಿಂಗ ಸೊರಗಿ ಸೊರಗಿ ಹ್ವಾದ. ನಾ ನೋಡಕೋತ ಕುಂತೆ. ಮತ್ತೊಮ್ಮಿ ಕುಂಡರಾಕ ಆಗೂದಿಲ್ಲ ನನ್ನ ಕೈಲೆ."

ನಾನು ಮಿಷನ್ನು ಬಿಟ್ಟು ಎದ್ದು ಬಂದು ಆಕೆಯ ಎದುರಿಗೆ ನೆಲದ ಮೇಲೆ ಕೂತೆ. ಮಗನಿಗೂ ಸೊಸೆಗೂ ಒಂದೇ ರೋಗ, ಆದರೆ ಈಗ ಅದಕ್ಕೆ ಗುಳಿಗೆ ಇದೆ, ಉಂಡುಕೊಂಡು ಇದ್ದರೆ ಆಕೆ ನಿನಗಿಂತ ಹೆಚ್ಚು ಬದುಕುತ್ತಾಳೆ ಅನ್ನುವ ಮಾತು ತುಟಿಯವರೆಗೆ ಬಂತು. ಆದರೆ ಅದು ನಾನು ಹೇಳಬೇಕಾದ ಮಾತಾಗಿರಲಿಲ್ಲ. ನುಂಗಿದೆ. ಅದರ ಬದಲಿಗೆ, ಸೋಮವಾರದಿಂದ ಕಳಿಸು ಅಂದೆ, ಹುಕ್ಕಿಗೆ ಜನ ಬೇಕೇ ಬೇಕು, ಮೊದಲಿನ ಹಾಗೆಯೇ ತಿಂಗಳಿಗೆ ಕೊಡುತ್ತೇನೆ, ಶೆಡ್ಡಿಗೆ ಕಳಿಸಬೇಡ. ನನ್ನ ತಿಂಗಳದ್ದು ಎರಡು ಪಾಲಾಗುವುದು ನನಗೆ ಅಲ್ಲಿಯೇ ಕಾಣುತ್ತಿತ್ತು. ಗೆಳತಿಯನ್ನು ಒಪ್ಪಿಸುವುದು ಹೇಗೆ ಅನ್ನುವುದೂ ಕಾಣುತ್ತಿತ್ತು. ಅತ್ತೆಯ ಮುಂದೆ ಬೇಡ ಅನ್ನಲು ಗೆಳತಿಗೆ ಬಾಯಿ ಇರಲಿಲ್ಲ.

ಮುದುಕಿಗೆ ಸಂತೋಷವಾಗಲಿಲ್ಲ. ಒಮ್ಮೆ ಬಿಡಿಸಿದವಳು ಮತ್ತೆ ಬಿಡಿಸುತ್ತಾಳೆ ಅನ್ನುವ ಲೆಕ್ಕ ಆಕೆಯ ಮುಖದಲ್ಲಿ ನಡೆದಿತ್ತು. ಬಲಗೈಯನ್ನು ನನ್ನ ಮುಂದೆ ಚಾಚಿದಳು. ಬಿರುಕು ಬಿಟ್ಟ, ಒರಟು ಅಂಗೈ.

"ಮತ್ತ ಬಿಡಸೂದಿಲ್ಲಲಾ? ಕೈಯಾಗ ಕೈ ಇಟ್ಟ ಹೇಳು."

ಮುಂದಿನ ವರ್ಷದ ಮಾತು ನನಗೇ ಯಾರೂ ಕೊಟ್ಟಿರಲಿಲ್ಲ. ದುಡ್ಡಿರುವವರು, ಕಚೇರಿ ಇರುವವರು, ಜೀಪಿನ ಮೇಲೆ ಬೋರ್ಡು ಹಾಕಿಕೊಂಡವರು ಕೊಡಲಾರೆವು ಅಂದ ಮಾತನ್ನು ಈ ಮುದುಕಿ ಬಾಡಿಗೆ ಕೋಣೆಯ ಟೇಲರಿನ ಹತ್ತಿರ ಕೇಳುತ್ತಿದ್ದಳು. ಕೈ ಹಾಗೆಯೇ ಚಾಚಿಕೊಂಡಿತ್ತು. ನಾನು ನನ್ನ ಕೈಯನ್ನು ಅದರೊಳಗೆ ಇಟ್ಟೆ, ಬಿಡಸೂದಿಲ್ಲ ಅಂದೆ.

ಆಕೆ ನಂಬಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ಬಬಲೇಶ್ವರದ ಬಸ್ಸಿಗೆ ಹೊತ್ತಾಯಿತು ಅಂತ ಎದ್ದಳು.